ಲೈನ್ ಕ್ಲಿಯರ್

ನನ್ನ ಗಂಡ ಬೀರೇಶ್ ಲೈನ್‌ಮನ್. ಮದುವೆಯಾದ ಹೊಸದರಲ್ಲಿ ಫೋನಿನಲ್ಲಿ ‘ಲೈನ್ ಮೇಲಿದೀನಿ’ ಎಂದರೆ, ಯಾವಳಿಗೆ ಲೈನ್ ಹೊಡೆಯುತ್ತಿದ್ದಾನೋ ಎಂದು ಉರಿದುಬೀಳುತ್ತಿದ್ದೆ. ಈಗ ಆ ಮಾತು ಕೇಳಿದರೆ, ಕಂಬ ಹತ್ತಿದವನು ಇಳಿಯುವವರೆಗೂ ನನಗೆ ಅನ್ನ ಸೇರುವುದಿಲ್ಲ.

ಆಷಾಢದ ಗಾಳಿಗೆ ನಾನು ನೂಲು ಸುತ್ತುವ ಮಗ್ಗದ ಶೆಡ್ಡಿನ ಮುಂದೆ ಹೊಂಗೆಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ದೊಡ್ಡಬಳ್ಳಾಪುರದ ಆ ಬೀದಿಯ ಮಗ್ಗಗಳೆಲ್ಲ ನಿಂತವು. ಬೀರೇಶ್ ಬಂದು, ಸಬ್‌ಸ್ಟೇಷನ್ನಿನ ಆಪರೇಟರ್ ಮುನಿಕೃಷ್ಣನಿಗೆ ಫೋನ್ ಮಾಡಿ ಕರೆಂಟ್ ತೆಗೆಸಿದ. ಫೋನನ್ನು ನಮ್ಮ ಮಾಲೀಕರಾದ ಉಮಾಶಂಕರ್ ಕೈಗೆ ಕೊಟ್ಟು ಕಂಬ ಹತ್ತಿದ. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ಕೊಡಬಾರದಿತ್ತೇ?

ಉಮಾಶಂಕರ್ ಇಂಗ್ಲಿಷ್ ಎಂ.ಎ. ಓದಿದವರು. ಒಳ್ಳೆಯವರೇ, ಬಾಯಿ ಮಾತ್ರ ಸುಮ್ಮನಿರದು. ಲೈನ್ ಅಂದರೆ ಮೊದಲು ಅಗಸೆ ನಾರಿನ ದಾರವಂತೆ, ಲ್ಯಾಟಿನ್ನಿನಿಂದ ಬಂದದ್ದಂತೆ. ದಾರ ಎಳೆದು ಹಿಡಿದರೆ ಗೆರೆ, ಗೆರೆಯಿಂದ ಸಾಲು, ಆಮೇಲೆ ರೈಲು ಹಳಿ, ಕರೆಂಟ್ ತಂತಿ, ಎಲ್ಲಕ್ಕೂ ಅದೇ ಹೆಸರಂತೆ.

“ಒಟ್ನಲ್ಲಿ ನಮ್ಮ ನೂಲೇ ಕಣಮ್ಮ ಅದು,” ಎಂದರು.

ನಾನು ಹೂಂಗುಟ್ಟುತ್ತಿದ್ದೆ. ಕಣ್ಣು ಕಂಬದ ಮೇಲಿತ್ತು.

ಕೊಂಬೆ ಕೆಳಗೆ ಬಿತ್ತು. ಬೀರೇಶ್ ಸಡಿಲವಾದ ತಂತಿ ಬಿಗಿಯತೊಡಗಿದ. ಆಗಲೇ ಫೋನ್ ಬಂತು. ಉಮಾಶಂಕರ್ ಸ್ಪೀಕರ್ ಒತ್ತಿದರು.

“ಲೈನ್ ಕ್ಲಿಯರ್ರಾ?” ಎಂದ ಮುನಿಕೃಷ್ಣ.

ಉಮಾಶಂಕರ್ ತಲೆಯೆತ್ತಿ ನೋಡಿದರು. ಕೊಂಬೆ ಇಲ್ಲ, ಎಲೆ ಇಲ್ಲ. “ಹೂಂ, ಲೈನ್ ಕ್ಲಿಯರ್,” ಎಂದುಬಿಟ್ಟರು.

ಅಯ್ಯೋ ಪುಣ್ಯಾತ್ಮ! ಇವರ ಪಾಲಿಗೆ ಕ್ಲಿಯರ್ ಅಂದರೆ ಅಡ್ಡಿ ಏನೂ ಇಲ್ಲ. ನನ್ನ ಗಂಡನ ಕೆಲಸದಲ್ಲಿ ಅದರ ಅರ್ಥವೇ ಬೇರೆ: ಹತ್ತಿದವರು ಇಳಿದಾಯಿತು, ಕರೆಂಟ್ ಬಿಡಿ.

ಫೋನ್ ಕಿತ್ತುಕೊಂಡೆ. “ಬಿಡಬ್ಯಾಡಣ್ಣ,” ಎಂದೆ. “ನಮ್ಮೆಜಮಾನ್ರು ಇನ್ನೂ ಮೇಲವ್ರೆ.”

ಮುನಿಕೃಷ್ಣನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಮೇಲೆ ಬೀರೇಶ್ ಎರಡೂ ಕೈಯಲ್ಲಿ ತಂತಿ ಹಿಡಿದಿದ್ದ. ಅವನನ್ನು ಕೂಗಲೂ ಭಯವಾಯಿತು.

“ಸ್ವಿಚ್ ಮ್ಯಾಲಿಂದ ಕೈ ತೆಗ್ದೆ ಕಣವ್ವ,” ಎಂದ ಮುನಿಕೃಷ್ಣ.

ಬೀರೇಶ್‌ಗೆ ಇದ್ಯಾವುದೂ ಗೊತ್ತಿಲ್ಲ. ಕೆಲಸ ಮುಗಿಸಿ ಇಳಿದವನೇ, ಲೈನ್ ಕ್ಲಿಯರ್ ಹೇಳಬೇಕು, ಫೋನ್ ಕೊಡು ಎಂದು ಕೈಚಾಚಿದ. ನಾನು ಆ ಕೈಯನ್ನೇ ಹಿಡಿದುಕೊಂಡು ಬೀದಿಯಲ್ಲೇ ಅತ್ತುಬಿಟ್ಟೆ.

“ಏನಾಯ್ತೇ ನಿಂಗೆ? ಅಷ್ಟೂ ಮಗ್ಗ ನಿಂತವೆ, ಬಿಡು,” ಎಂದು ಗದರಿದ.

ಉಮಾಶಂಕರ್ ಶೆಡ್ಡಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ತಲೆ ಎತ್ತಲಿಲ್ಲ.

“ನಿಂತಿರ್ಲಿ ಬಿಡಪ್ಪ,” ಎಂದರು. “ಅವರು ನಿನ್ ಕೈ ಬಿಡೋವರ್ಗೂ ನಿಂತಿರ್ಲಿ.”