ಚೀನಾದವರ ಗಲ್ಲಿಯಲ್ಲಿ ಅತ್ತೆಯ ಪೂಜೆ

ನಮ್ಮ ಅತ್ತೆ 'ಶಿವ ಶಿವ' ಎಂದಾಗಲೆಲ್ಲ ಅದರ ಹಿಂದೆಯೇ ಒಂದು ಸಣ್ಣ ಸೀಟಿ ಬರುತ್ತಿತ್ತು. ಮೇಲಿನ ಸಾಲಿನ ಎಡಗಡೆ ಒಂದು ಹಲ್ಲು ಇರಲಿಲ್ಲ. ಉಳಿದವು ತೆನೆಯಲ್ಲಿ ಜೋಳದ ಕಾಳು ಕೂತ ಹಾಗೆ ಗಟ್ಟಿಯಾಗಿದ್ದವು. ಮೊಮ್ಮಕ್ಕಳು ಆ ಸೀಟಿ ಕೇಳುವುದಕ್ಕೇ "ಆಯಿ, ಶಿವ ಶಿವ ಅನ್ನು" ಎಂದು ಪೀಡಿಸುತ್ತಿದ್ದರು. ಬಂದವರು ಹಲ್ಲೆಲ್ಲಿ ಹೋಯಿತೆಂದು ಕೇಳಿದರೆ ಅತ್ತೆ, "ಕಲ್ಕತ್ತಾದಾಗ ಬಿಟ್ಟು ಬಂದೇನಿ, ಚೀನಾದವನ ಕೈಯಾಗ" ಎನ್ನುತ್ತಿದ್ದರು. ಕೇಳಿದವರು ಚೇಷ್ಟೆ ಎಂದುಕೊಳ್ಳುತ್ತಿದ್ದರು. ಚೇಷ್ಟೆಯಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ.

ನನ್ನ ತವರು ಜೇವರ್ಗಿ. ಆಳಂದದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಅತ್ತೆಯ ನೇಮ ನನಗೆ ತಿಳಿಯಿತು. ಸ್ನಾನವಾಗಿ, ಹಣೆಗೆ ವಿಭೂತಿ ಬಿದ್ದು, ಎಡ ಅಂಗೈಯಲ್ಲಿ ಇಷ್ಟಲಿಂಗದ ಪೂಜೆ ಆಗುವವರೆಗೆ ಹನಿ ನೀರೂ ಗಂಟಲಿಗೆ ಇಳಿಯುವಂತಿಲ್ಲ. ಆಮೇಲಾದರೂ ಲಿಂಗ ಕಟ್ಟಿಕೊಂಡವರ ಕೈಯ ನೀರೇ ಆಗಬೇಕು. ಯಾರ ಮನೆಗೆ ಹೋದರೂ ತಮ್ಮ ತಾಮ್ರದ ಚಂಬು ಜೊತೆಗೇ ಹೋಗುತ್ತಿತ್ತು. ಪಕ್ಕದ ಮನೆಯ ಚಾಚಿ, ಅವರು ಮುಸಲ್ಮಾನರು, ಬೇಸಿಗೆಯಲ್ಲಿ ಮಡಕೆಯ ತಣ್ಣೀರು ತಂದು ಕೊಡಲು ಬಂದರೆ ಅತ್ತೆ ನಗುತ್ತಲೇ, "ಹೊಟ್ಟಿ ತುಂಬೇದ ಬಿಡವ್ವಾ" ಎನ್ನುತ್ತಿದ್ದರು. ಚಾಚಿಯೂ ನಗುತ್ತಲೇ ಹಿಂದಕ್ಕೆ ಒಯ್ಯುತ್ತಿದ್ದರು. ಇಬ್ಬರೂ ದಿನಾ ಒಂದೇ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುವವರು. ನೀರಿನ ಮಾತು ಬಂದಾಗ ಮಾತ್ರ ನಡುವೆ ಒಂದು ಗೋಡೆ.

ಎಂಬತ್ತರ ದಶಕದಲ್ಲಿ ನಮ್ಮ ಮನೆಯವರಿಗೆ ಕಚೇರಿಯಿಂದ ಪ್ರವಾಸದ ರಜೆ ಸಿಕ್ಕಿತು. ಕಾಶಿ ನೋಡಿಕೊಂಡು ಕಲ್ಕತ್ತಾಕ್ಕೆ ಹೋದೆವು. ರೈಲಿನಲ್ಲೇ ಅತ್ತೆಗೆ ಹಲ್ಲುನೋವು ಶುರುವಾಯಿತು. ಧರ್ಮಶಾಲೆಗೆ ಹೋಗಿ ಇಳಿಯುವ ಹೊತ್ತಿಗೆ ಎಡಗೆನ್ನೆ ಬಾತು ಕಣ್ಣು ಅರ್ಧ ಮುಚ್ಚಿತ್ತು, ಮೈ ಕೆಂಡವಾಗಿತ್ತು. ದವಾಖಾನೆಗೆ ಕರೆದೊಯ್ದರೆ ಅಲ್ಲಿಯ ನರ್ಸ್ ಗುಳಿಗೆಯ ಜೊತೆ ಲೋಟದ ನೀರು ಕೊಟ್ಟಳು. ಅತ್ತೆ ಲೋಟ ಮುಟ್ಟಲಿಲ್ಲ. ನಾವು ಕೊಟ್ಟ ನೀರನ್ನೂ ನೋವಿಗೆ ಉಗುಳಿಬಿಟ್ಟರು. ಊಟವಂತೂ ಇಲ್ಲವೇ ಇಲ್ಲ. ಗುರುತಿಲ್ಲದ ಆ ಊರಿನಲ್ಲಿ ಅತ್ತೆಯನ್ನು ಕಳೆದುಕೊಂಡು ಬರೀ ಚಂಬು ಹಿಡಿದು ಆಳಂದಕ್ಕೆ ಮರಳುತ್ತೇನೇನೋ ಎಂದು ನನಗೆ ದಿಗಿಲಾಯಿತು.

ಧರ್ಮಶಾಲೆಯ ಲೆಕ್ಕ ಬರೆಯುವ ಮುನೀಮ, "ಹಲ್ಲಿಗೆ ಚೀನಾ ಬಜಾರಿಗೆ ಹೋಗಿ, ಹಲ್ಲು ಕೀಳುವುದರಲ್ಲಿ ಅವರ ಕೈ ಪಳಗಿದೆ" ಎಂದು ದಾರಿ ಹೇಳಿದ. ಬೆಳಿಗ್ಗೆ ಅತ್ತೆಗೆ ಸ್ನಾನವೊಂದು ಮಾಡಿಸಿ, ಪೂಜೆಯನ್ನು ಬಂದಮೇಲೆ ಮಾಡಿದರಾಯಿತೆಂದು ನಮ್ಮ ಮನೆಯವರು ಎಳೆದುಕೊಂಡೇ ಹೊರಟರು. ವಿಭೂತಿಯ ಚೀಲ ಕೋಣೆಯಲ್ಲೇ ಉಳಿಯಿತು.

ಟ್ರಾಮ್ ಓಡುವ ದೊಡ್ಡ ರಸ್ತೆ, ಎತ್ತರದ ಕಟ್ಟಡಗಳು. ಅವುಗಳ ಬೆನ್ನಿಗೇ ತಲೆಮಾರುಗಳಿಂದ ಚೀನಾದವರು ನೆಲೆಸಿದ ಹಳೇ ಗಲ್ಲಿ. ಬಾಗಿಲ ಮೇಲೆ ಕೆಂಪು ಕಾಗದ, ಅದರ ಮೇಲೆ ರಂಗೋಲಿಯಂಥ ಅಕ್ಷರ. ಬೀದಿಯ ಅಂಚಿಗೆ ಬಿದಿರಿನ ಬುಟ್ಟಿಗಳಲ್ಲಿ ಬೆಳ್ಳಗೆ ಉಬ್ಬಿದ ಏನೋ ಬೇಯುತ್ತಿತ್ತು. ಅಷ್ಟು ನೋವಿನಲ್ಲೂ ಅತ್ತೆ, "ಕಡಬು ಮಾಡ್ಯಾರ ನೋಡು" ಎಂದರು.

"ಒಳಗ ಏನ್ ತುಂಬ್ಯಾರಂತ ಕೇಳಬ್ಯಾಡವ್ವಾ, ಸುಮ್ನ ನಡಿ" ಎಂದರು ನಮ್ಮ ಮನೆಯವರು.

ಬಣ್ಣದಲ್ಲಿ ಹಲ್ಲಿನ ಸಾಲು ಬರೆದ ಬೋರ್ಡು ಕಂಡಿತು. ಒಳಗೆ ತೆಳ್ಳಗಿನ ಚೀನೀ ದಂತವೈದ್ಯ. ಅವನಿಗೆ ಮುರುಕು ಹಿಂದಿ, ನಮ್ಮ ಅತ್ತೆಗೆ ನಿಜಾಮನ ಕಾಲದ ಉರ್ದು. ಇಬ್ಬರಿಗೂ ಮಾತು ಸಾಗಿತು. ಕುರ್ಚಿಯಲ್ಲಿ ಕೂರಿಸಿ ನೋಡಿದ. ಇವತ್ತೇ ಕೀಳಬೇಕು, ತಡವಾದರೆ ನಂಜು ಏರುತ್ತದೆ ಎಂದ. ಮೊದಲು ಬಾಯಿ ಮುಕ್ಕಳಿಸಿ ಎಂದು ಲೋಟ ಚಾಚಿದ.

ಅತ್ತೆ ತುಟಿ ಬಿಗಿದರು. "ಪೂಜಿ ಆಗಿಲ್ಲ."

"ಯವ್ವಾ, ಜೀವ ಹೋಗಾಕತ್ತದ, ಬಾಯಿ ತೆಗಿ" ಎಂದು ಮಗ ಗದರಿದರು.

"ಹೋದ್ರ ಪೂಜಿ ಮಾಡಿ ಹೋಗ್ತೇನಿ ಬಿಡೋ."

ಹಾಗೆಂದವರೇ ಕುರ್ಚಿಯಿಂದ ಇಳಿದು ಸುತ್ತ ನೋಡಿದರು. ಮೂಲೆಯಲ್ಲಿ ಒಂದು ಕೆಂಪು ಗೂಡು, ಪುಟ್ಟ ದೀಪ, ಕಿತ್ತಳೆ ಹಣ್ಣು, ಹಿತ್ತಾಳೆಯ ಪಾತ್ರೆಯ ತುಂಬ ನುಣ್ಣನೆಯ ಬೂದಿ. ಅತ್ತೆ ನೆಟ್ಟಗೆ ಹೋಗಿ ಅದರಲ್ಲಿ ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡರು. ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು.

ನನ್ನ ಕಣ್ಣು ಆಗ ಗೂಡಿನ ಒಳಗೆ ಹೋಯಿತು. ಅಲ್ಲಿದ್ದದ್ದು ದೇವರಲ್ಲ, ಒಬ್ಬ ಮುದುಕನ ಫೋಟೋ. ಸತ್ತವರಿಗೆ ಹಚ್ಚಿದ ಊದುಬತ್ತಿಯ ಬೂದಿ ಅದು. ಅಷ್ಟರಲ್ಲಿ ಒಳಗಿನಿಂದ ವೈದ್ಯನ ತಾಯಿ ಬಂದರು, ಕಪ್ಪು ಪೈಜಾಮದ ಗಿಡ್ಡ ಮುದುಕಿ. ಅತ್ತೆಯ ಹಣೆ ನೋಡಿದರು, ಪಾತ್ರೆ ನೋಡಿದರು. ಇಕ್ಕಳ ಹಿಡಿದ ಮಗ ಹಾಗೇ ನಿಂತಿದ್ದ. ನಮ್ಮನ್ನು ಹೊರಗೆ ಹಾಕಿದರೆ ಈ ನೋವಿನ ಮುದುಕಿಯನ್ನು ಮತ್ತೆ ಎಲ್ಲಿಗೆ ಒಯ್ಯಲಿ ಎಂದು ನಾನು ಒಳಗೊಳಗೇ ಬಸವಣ್ಣನನ್ನು ಕರೆಯುತ್ತಿದ್ದೆ.

ಮುದುಕಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ವೈದ್ಯ ಹಿಂದಿಯಲ್ಲಿ, "ಅದು ನಮ್ಮ ತಂದೆಯ ಬೂದಿಬಟ್ಟಲು. ಅವರೂ ಹಲ್ಲಿನ ವೈದ್ಯರೇ. ಅವರ ಮುಂದೆ ಕೂತು ಧ್ಯಾನ ಮಾಡಿದ ರೋಗಿ ನೀವೇ ಮೊದಲಿಗರು ಅಂತಾಳೆ ಅಮ್ಮ" ಎಂದ.

ಅತ್ತೆ ಕಣ್ಣು ತೆರೆದರು. ಸತ್ತವರ ಫೋಟೋದ ಮುಂದಿನ ಬೂದಿ ಎಂದು ತಿಳಿದ ಮೇಲೆ ಒರೆಸಿಕೊಳ್ಳುತ್ತಾರೆ, ಎದ್ದು ಹೋಗುತ್ತಾರೆ ಎಂದು ನಾನು ಹೆದರಿದ್ದೆ. ಅವರು ಲಿಂಗವನ್ನು ಕರಡಿಗೆಗೆ ಸೇರಿಸುತ್ತ ಉರ್ದುವಿನಲ್ಲಿ ಹೇಳಿದ ಮಾತು ನಮ್ಮ ಭಾಷೆಯಲ್ಲಾದರೆ ಹೀಗೆ:

"ಲಿಂಗ ಕಟ್ಟಿಕೊಂಡ ನಮಗ ಸಾವಿನ ಸೂತಕ ಇಲ್ಲ ತಮ್ಮಾ. ನಿಮ್ಮಪ್ಪ ನೋಡಾಕತ್ತಾನ, ಕೈ ನಡುಗಿಸಬ್ಯಾಡ."

ವೈದ್ಯ ನಕ್ಕುಬಿಟ್ಟ. ಮುದುಕಿ ಪಿಂಗಾಣಿ ಬಟ್ಟಲಲ್ಲಿ ಉಪ್ಪಿನ ಬಿಸಿನೀರು ತಂದು ಎರಡೂ ಕೈಯಿಂದ ಹಿಡಿದರು. ಅತ್ತೆ ಅದನ್ನು ಎದೆಯ ಲಿಂಗಕ್ಕೆ ಅರ್ಪಿಸುವಂತೆ ತೋರಿಸಿ ಬಾಯಿಗೆ ಹಾಕಿಕೊಂಡರು. ಹಲ್ಲು ಕಿತ್ತು ಬಂತು. ಸಂಜೆಗೆ ಜ್ವರ ಇಳಿಯಿತು, ಮರುದಿನ ನಾನು ಕಾಯಿಸಿದ ಗಂಜಿ ಕುಡಿದರು. ಆ ಗಂಜಿ ತಳ ಹತ್ತಿತ್ತು, ಆದರೂ ಬಟ್ಟಲು ಖಾಲಿಯಾಯಿತು. ನಾನು ಕೈ ಮುಗಿದು ಅದನ್ನೂ ದೇವರ ಲೆಕ್ಕಕ್ಕೆ ಹಾಕಿದೆ.

ಊರಿಗೆ ಬಂದ ಮೇಲೆ ಅಫಜಲಪುರದ ನಾದಿನಿ ಸುಮ್ಮನಿರಲಿಲ್ಲ. "ಚೀನಾದವರು ನಮ್ಮ ಮ್ಯಾಲ ಯುದ್ಧಕ್ಕ ಬಂದವರು. ಅವರ ಮನಿ ಬೂದಿ ಹಣಿಗಿ ಹಚಗೊಂಡು ಬಂದೀಯಲ್ಲವ್ವಾ?"

"ಯುದ್ಧಕ್ಕ ಬಂದವ್ರು ಬ್ಯಾರೆ. ಇವ್ರು ನನ್ನ ಹಲ್ಲಿಗಿ ಬಂದವ್ರು" ಎಂದರು ಅತ್ತೆ.

ಆದರೆ ನೇಮ ಮಾತ್ರ ಮತ್ತೆ ಮೊದಲಿನ ಹಾಗೇ ನಡೆಯಿತು. ಚಾಚಿ ಕಟ್ಟೆಯ ಮೇಲೆ ಕೂತು ಚುಚ್ಚುತ್ತಿದ್ದರು: "ಕಲ್ಕತ್ತಾದ ನೀರು ಬಾಯಿಗಿ ಹೋಗ್ತದ, ನಮ್ಮ ಮನಿ ನೀರಿಗಿ ಮುಳ್ಳು ಅದಾವೇನ್ರೀ?" ಅತ್ತೆ ನಕ್ಕು ಶೇಂಗಾ ಸುಲಿಯುತ್ತಿದ್ದರು.

ತೊಂಬತ್ತರ ದಶಕದ ಒಂದು ಚಳಿಗಾಲ. ಅತ್ತೆ ಹಾಸಿಗೆ ಹಿಡಿದಿದ್ದರು. ನನ್ನ ತವರಿನಲ್ಲಿ ತಮ್ಮನ ಮನೆಯ ಗೃಹಪ್ರವೇಶ, ಮಕ್ಕಳನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಹೋಗಿ ಬಾ ಎಂದು ಅವರೇ ಕಳಿಸಿದರು. ನಮ್ಮ ಮನೆಯವರು ಕಚೇರಿಯಲ್ಲಿದ್ದಾಗ, ಚಾಚಿ ಒಬ್ಬರೇ ಹತ್ತಿರ ಕೂತಿದ್ದಾಗ, ಅತ್ತೆಯ ಜೀವ ಹೋಯಿತಂತೆ. ಸುದ್ದಿ ತಿಳಿದು ಜೇವರ್ಗಿಯಿಂದ ಬಸ್ಸು ಹತ್ತಿದವಳಿಗೆ ದಾರಿಯುದ್ದಕ್ಕೂ ಒಂದೇ ಸಂಕಟ: ಮನೆಯಲ್ಲಿ ಲಿಂಗ ಕಟ್ಟಿಕೊಂಡ ನಮ್ಮವರು ಯಾರೂ ಇರಲಿಲ್ಲ, ಕೊನೆಗೆ ಬಾಯಾರಿದರೆ ಈ ಹಟದ ಮುದುಕಿ ಒಣಗಿದ ತುಟಿಯಲ್ಲೇ ಹೋದರೇನೋ.

ಬಾಗಿಲಲ್ಲಿ ಚಾಚಿ ನನ್ನ ಕೈ ಹಿಡಿದರು. ನಾನು ಕೇಳುವ ಮೊದಲೇ ಹೇಳಿದರು.

"ಅವರೇ ಕೇಳಿದ್ರವ್ವ. 'ನಿಮ್ಮ ಮಡಕಿ ನೀರು ತಾ' ಅಂದ್ರು. ಲಿಂಗಕ್ಕ ತೋರಿಸಿ, ಗಟಗಟ ಕುಡದ್ರು. ಇನ್ನಷ್ಟು ಹಾಕು ಅಂದ್ರು."

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತೆ. ಅಳು ಆಮೇಲೆ ಬಂತು.