ಆ ಕೋಣೆ ಧ್ರುವನದಾಗಬೇಕಿತ್ತು

ರೂಪಾ, ನಿನ್ನ ಮಗನಿಗೆ ಶಾಲೆ ತಪ್ಪಿಸಿದವಳು ನಾನು. ಶಾಲೆಯ ಬೋರ್ಡಿನವರಲ್ಲ, ಸರ್ಕಾರವಲ್ಲ, ಈ ಐರಿಷ್ ಜನರ ತಾತ್ಸಾರವೂ ಅಲ್ಲ — ನಾನು. ಆರು ವರ್ಷದಿಂದ ನೀನು ಯಾರ ಮುಂದೆ ಅತ್ತು ಹಗುರಾಗುತ್ತಿದ್ದೆಯೋ, ಅದೇ ಅಕ್ಕ.

ಲೂಕನ್ನಿನ ನಮ್ಮ ಮನೆಯಲ್ಲಿ ಆ ವರ್ಷದ ವರಮಹಾಲಕ್ಷ್ಮಿ ಹಬ್ಬ ನೆನಪಿದೆಯಲ್ಲ? ಅರಿಶಿನ ಕುಂಕುಮ ತೆಗೆದುಕೊಂಡು ಎಲ್ಲರೂ ಹೊರಟ ಮೇಲೆ ನೀನೊಬ್ಬಳು ಅಡುಗೆಮನೆಯಲ್ಲಿ ಉಳಿದೆ. ನಾಲ್ಕು ವರ್ಷದ ಧ್ರುವ ನೆಲದ ಮೇಲೆ ಕೂತು, ತಾಂಬೂಲಕ್ಕೆಂದು ತಂದ ಬಳೆಗಳನ್ನು ಬಣ್ಣ ನೋಡಿ ನೋಡಿ ಸಾಲಾಗಿ ಜೋಡಿಸುತ್ತಿದ್ದ. ಎಷ್ಟು ಕರೆದರೂ ತಲೆ ಎತ್ತಲಿಲ್ಲ.

"ಅಕ್ಕಾ, ಡಾಕ್ಟ್ರು ಆಟಿಸಂ ಅಂದ್ರು," ಎಂದೆ ನೀನು. "ನಮ್ಮತ್ತೆಗೂ ಹೇಳಿಲ್ಲ. ಇವನ ಹೆಸರು ಎಲ್ಲೂ ಎತ್ಬೇಡಿ. ಆದ್ರೆ ನಿಮ್ ಸ್ಕೂಲಲ್ಲಿ ಇಂಥ ಮಕ್ಕಳಿಗೆ ಸ್ಪೆಷಲ್ ಕ್ಲಾಸ್ ಶುರು ಮಾಡ್ತಾರಾ, ಬೋರ್ಡಲ್ಲಿ ಒಂದ್ ಮಾತು ಕೇಳಿ."

"ಅಷ್ಟೂ ಮಾಡಲ್ವೇನೇ ನಿನಗೆ?" ಎಂದು ನಿನ್ನ ಕಣ್ಣೊರೆಸಿದೆ. ಆಗ ಅದನ್ನು ಮನಸಾರೆ ಹೇಳಿದ್ದೆ — ಹಾಗೆಂದೇ ಇಂದಿಗೂ ಅಂದುಕೊಂಡಿದ್ದೇನೆ.

ಆ ಬೋರ್ಡಿನ ಬಗ್ಗೆ ನನಗೆಂಥ ಜಂಬವಿತ್ತು! ಸಂಬಳವಿಲ್ಲದ ಕೆಲಸ. ಕೆಲವು ವಾರಕ್ಕೊಮ್ಮೆ, ಆಫೀಸು ಮುಗಿಸಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಚಹಾ ಬಿಸ್ಕತ್ತಿನ ಜೊತೆ ಎರಡು ಗಂಟೆ ಕೂರುವುದು, ಅಷ್ಟೆ. ಆದರೆ ಪೋಷಕರ ಪರವಾಗಿ ಚುನಾವಣೆಯಲ್ಲಿ ಗೆದ್ದು ಬಂದವಳು ನಾನು. "ನಮ್ಮೋಳು ಒಬ್ಳು ಬೋರ್ಡಲ್ಲಿ ಇರ್ಲಿ" ಎಂದು ವಾಟ್ಸಾಪ್ ಗುಂಪಿನಲ್ಲಿ ಹೇಳಿ ಹೇಳಿ ನಮ್ಮವರೆಲ್ಲ ವೋಟು ಹಾಕಿದ್ದರು. ಪ್ರತಿಯಾಗಿ ನಾನು ಮಾತು ಕೊಟ್ಟಿದ್ದು ಒಂದೇ — ಮಕ್ಕಳಿಗೆ ಕಂಪ್ಯೂಟರ್ ಕೋಣೆ.

ಅಕ್ಟೋಬರಿನ ಸಭೆಗೆ ಬಂದ ವಿಷಯವೂ ಕೋಣೆಯದೇ. ಶಾಲೆಯಲ್ಲಿ ಖಾಲಿ ಇದ್ದದ್ದು ಒಂದೇ ಒಂದು. ಅಲ್ಲಿ ಆಟಿಸಂ ಇರುವ ಆರು ಮಕ್ಕಳಿಗೆ ತರಗತಿ ತೆರೆಯಬಹುದು, ಆದರೆ ಸುತ್ತಮುತ್ತ ಅಂಥ ನಾಲ್ಕು ಮಕ್ಕಳಾದರೂ ಇದ್ದಾರೆ ಎಂದು ಮೊದಲು ತೋರಿಸಬೇಕು ಎಂದರು ಪ್ರಿನ್ಸಿಪಾಲರು. ಇಲ್ಲವಾದರೆ ಕಂಪ್ಯೂಟರು. ಅಧ್ಯಕ್ಷೆ ಬ್ರಿಜಿಡ್, ನಿವೃತ್ತ ಟೀಚರು, ಮೇಜಿನ ಸುತ್ತ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಮೂರು ಮಕ್ಕಳ ಲೆಕ್ಕ ಸಿಕ್ಕಿತು. ಕೊನೆಗೆ ನನ್ನತ್ತ ತಿರುಗಿದರು: "ಭಾರತದ ಕುಟುಂಬಗಳು ನಿಮಗೆ ಚೆನ್ನಾಗಿ ಗೊತ್ತು. ಹೆಸರು ಬೇಡ. ಅಂಥ ಮಗು ಯಾರಾದರೂ ಇದೆಯೇ?"

ಹೆಸರು ಬೇಡ ಎಂದರು, ರೂಪಾ. ನಿನ್ನ ಗುಟ್ಟೂ ಉಳಿಯುತ್ತಿತ್ತು. ಇದೆ — ಅಷ್ಟು ಹೇಳಿದ್ದರೆ ಸಾಕಿತ್ತು.

"ಇಲ್ಲ," ಎಂದೆ. "ನಮ್ಮ ಮಕ್ಕಳೆಲ್ಲ ಗ್ರ್ಯಾಂಡ್." ಎಲ್ಲ ಚೆನ್ನಾಗಿದೆ ಎನ್ನಲು ಅವರಾಡುವ ಮಾತನ್ನೇ ಆಡಿದೆ.

ಯಾಕೆ ಹಾಗೆಂದೆ? ಕಂಪ್ಯೂಟರ್ ಕೋಣೆಯ ಆಸೆ — ಹೌದು, ಅದೂ ಇತ್ತು. ಆದರೆ ಅದಕ್ಕಿಂತ ಹೊಲಸಾದದ್ದು ಇನ್ನೊಂದಿದೆ. ಆ ಮೇಜಿನ ಸುತ್ತ ಕೂತವರು ನಮ್ಮ ಮಕ್ಕಳೆಂದರೆ ಗಣಿತದಲ್ಲಿ ಚುರುಕು, ಜಾಣರು, ತಂಟೆಯಿಲ್ಲದವರು ಎನ್ನುತ್ತಿದ್ದರು. ಆ ಹೊಗಳಿಕೆ ನನಗೆ ರುಚಿ ಹತ್ತಿತ್ತು. ಅವರ ಮುಂದೆ ನನಗೆ ನಾಚಿಕೆಯಾಯಿತು. ನಿನ್ನ ಮಗನ ಬಗ್ಗೆ. ನನ್ನ ಮನೆಯ ನೆಲದ ಮೇಲೆ ತನ್ನ ಪಾಡಿಗೆ ಬಳೆ ಜೋಡಿಸುತ್ತಿದ್ದ ಆ ಕಂದನ ಬಗ್ಗೆ.

ತಿದ್ದಿಕೊಳ್ಳಲು ಅವಕಾಶವೂ ಸಿಕ್ಕಿತು. ಹಿಂದಿನ ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಓದಿ, ಸರಿಯಾಗಿದೆ ಎಂದು ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸುವುದು ಅಲ್ಲಿಯ ಪದ್ಧತಿ. 'ಭಾರತೀಯ ಕುಟುಂಬಗಳಲ್ಲಿ ಅಗತ್ಯವಿಲ್ಲ' ಎಂದು ಬರೆದಿತ್ತು. "ಏನಾದರೂ ತಿದ್ದುವುದಿದೆಯೇ?" ಎಂದು ಬ್ರಿಜಿಡ್ ಕೇಳಿದರು. ಕೈ ಎತ್ತಿದೆ — ಸರಿಯಾಗಿದೆ ಎಂದು ಸೂಚಿಸಲು.

ನಿನಗೆ ಹೇಳಿದ್ದೇನು? "ತುಂಬಾ ಹೋರಾಡ್ದೆ ಕಣೇ, ಅವ್ರು ಒಪ್ಲಿಲ್ಲ. ಒಳಗಿನ ಮಾತು ಹೊರಗೆ ಹೇಳೋ ಹಾಗಿಲ್ಲ, ಹೆಚ್ಚು ಕೇಳ್ಬೇಡ." ಬೋರ್ಡಿನ ಗೋಪ್ಯತೆಯ ನಿಯಮದ ಹಿಂದೆ ಅಡಗಿಕೊಂಡೆ. ನೀನು ನನ್ನನ್ನು ತಬ್ಬಿಕೊಂಡೆ.

ಧ್ರುವ ಎರಡು ವರ್ಷ ಮನೆಯಲ್ಲೇ ಉಳಿದ. ನೀನು ಬ್ಲಾಂಚರ್ಡ್ಸ್‌ಟೌನಿನ ಕೆಲಸ ಬಿಟ್ಟೆ. ಆಮೇಲೆ ಊರಿನ ಆ ತುದಿಯ ಶಾಲೆ. ದಿನಾ ಬೆಳಿಗ್ಗೆ ಏಳಕ್ಕೆ ಟ್ಯಾಕ್ಸಿ, ಅದರ ಬಾಗಿಲು ಹಾಕುವಾಗ ಅವನ ಕೂಗು. ನಮ್ಮ ಮನೆಗೂ ಕೇಳುತ್ತಿತ್ತು, ರೂಪಾ. ನಾನು ಕಿಟಕಿ ಮುಚ್ಚುತ್ತಿದ್ದೆ. ನಿನ್ನ ಗಂಡನಿಗೆ ಕಾರ್ಕ್ ಊರಿನ ಲಿಟಲ್ ಐಲ್ಯಾಂಡಿನಲ್ಲಿ ಕೆಲಸ ಸಿಕ್ಕಿ ನೀವು ಅಲ್ಲಿಗೆ ಹೊರಟ ದಿನ ನನಗೆ ದುಃಖವಾಗಲಿಲ್ಲ. ಸದ್ಯ, ಕಣ್ಮರೆಯಾದರಲ್ಲ ಎನಿಸಿತು. ಇನ್ನು ಆ ಕಂಪ್ಯೂಟರ್ ಕೋಣೆ — ಎಲ್ಲ ತರಗತಿಗೂ ಲ್ಯಾಪ್‌ಟಾಪ್ ಬಂದವು. ಈಗ ಅಲ್ಲಿ ಮುರಿದ ಕುರ್ಚಿಗಳನ್ನೂ ಕ್ರಿಸ್‌ಮಸ್ ನಾಟಕದ ಸಾಮಾನನ್ನೂ ತುಂಬಿದ್ದಾರೆ.

ಬರೆಯದೆ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮೊನ್ನೆ ನಿನ್ನ ಫೋನು ಬಂತು. "ಅಕ್ಕಾ, ನಾನೂ ಇಲ್ಲಿ ಸ್ಕೂಲ್ ಬೋರ್ಡಿಗೆ ನಿಂತು ಗೆದ್ದೆ! ಅವತ್ತು ನೀವೊಬ್ರಾದ್ರೂ ನಮ್ ಪರ ಮಾತಾಡಿದ್ರಲ್ಲ, ಅದನ್ನೇ ನೆನೆಸ್ಕೊಂಡು ನಿಂತೆ. ಮೊದಲ್ನೇ ಮೀಟಿಂಗಲ್ಲಿ ಹೇಗಿರ್ಬೇಕು, ಹೇಳ್ಕೊಡಿ." ನಾನು ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟೆ.

ಬ್ರಿಜಿಡ್‌ಗೆ ಎಲ್ಲ ಬರೆದು ತಿಳಿಸಿದ್ದೇನೆ, ಬೋರ್ಡಿನಿಂದ ಹೊರಬಂದಿದ್ದೇನೆ. ಅದರಿಂದ ಧ್ರುವನ ಎರಡು ವರ್ಷ ಮರಳಿ ಬರುವುದಿಲ್ಲ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಮಾತ್ರ ಹೇಳುತ್ತೇನೆ. ಎಂದಾದರೊಂದು ದಿನ ಯಾರೋ ನಿನ್ನತ್ತ ತಿರುಗಿ, ನಿಮ್ಮವರಲ್ಲಿ ಅಂಥ ಮಗು ಇದೆಯೇ ಎಂದು ಕೇಳುತ್ತಾರೆ. ಮೇಜಿನ ಸುತ್ತ ಎಲ್ಲರೂ ನಿನ್ನನ್ನೇ ನೋಡುತ್ತಾರೆ. ಇದೆ ಎನ್ನು, ರೂಪಾ. ಅಲ್ಲಿ ನಾನು 'ಇಲ್ಲ' ಎಂದಿದ್ದೆ.