ಕೆಂಪು ಬಟ್ಟೆ ಕಟ್ಟಿದ ಬಾಗಿಲು

ಬೀದಿಯವರ ಬಾಯಲ್ಲಿ ಅವನು ಇಲಿಯಪ್ಪ. ಮೂವತ್ತು ವರ್ಷ ಪ್ರಯೋಗಾಲಯದ ಇಲಿಗಳಿಗೆ ಕಾಳು ಹಾಕಿ, ಪಂಜರ ತೊಳೆದು, ಚಿಲಕ ಹಾಕಿದವನಿಗೆ ಇನ್ನೇನು ಹೆಸರಿಟ್ಟಾರು! ಮೆದುಳಿನ ವಿಷಯ ಅವನು ಓದಿ ತಿಳಿದವನಲ್ಲ, ನೋಡಿ ತಿಳಿದವನು. ಹಾಲುಬಣ್ಣದ ನೀರಿನ ತೊಟ್ಟಿಯಲ್ಲಿ ಒಂದು ಮಣೆ ಮುಳುಗಿರುತ್ತದೆ. ಗಟ್ಟಿಮುಟ್ಟಾದ ಇಲಿ ಸುತ್ತಲಿನ ಗೋಡೆ ನೋಡಿಕೊಂಡು ನಾಲ್ಕೇ ದಿನದಲ್ಲಿ ಅದರ ಜಾಗ ಕಲಿಯುತ್ತದೆ. ಮೆದುಳಿನ ಒಳಮಡಿಕೆಯೊಂದನ್ನು ಕೆಡಿಸಿದ ಇಲಿ ಎಷ್ಟು ಈಜಿದರೂ ಕಲಿಯದು. ಆದರೆ ಮಣೆಗೆ ಬಾವುಟ ಸಿಕ್ಕಿಸಿದರೆ ಸೀದಾ ಅಲ್ಲಿಗೇ ಹೋಗುತ್ತದೆ. ಇನ್ನೊಂದು ಭಾಗ ಕೆಟ್ಟ ಇಲಿಯದು ಇದಕ್ಕೆ ತಿರುಗುಮುರುಗು: ಜಾಗ ನೆನಪಿರುತ್ತದೆ, ಬಾವುಟ ಹಿಡಿದು ಹೋಗುವುದು ಮಾತ್ರ ರೂಢಿಯಾಗುವುದಿಲ್ಲ.

ಹೆಂಡತಿಗೆ ಮೆದುಳುಜ್ವರ ಬಂದು ಇಳಿದ ಮೇಲೆ ಅವಳು ಸ್ವಂತ ಬೀದಿಯಲ್ಲೇ ದಾರಿ ತಪ್ಪತೊಡಗಿದಳು. ಎಲ್ಲ ಮನೆಯೂ ಅವಳಿಗೆ ಒಂದೇ. ಮಗಳು ಬೀಗ ತಂದಳು.

"ಅಪ್ಪ, ಹೀಗೆ ಬಿಟ್ರೆ ಒಂದಿನ ಅಮ್ಮನ್ನ ಕಳ್ಕೋತೀವಿ."

"ಜೀವಮಾನವೆಲ್ಲ ಪಂಜರಕ್ಕೆ ಚಿಲಕ ಹಾಕಿದ್ದು ಸಾಲ್ದಾ? ನಿಮ್ಮಮ್ಮನಿಗೂ ಹಾಕ್ಲಾ? ಸುಮ್ನಿರೇ!"

ಮರುದಿನವೇ ಬಾಗಿಲ ಮೇಲೊಂದು ಕೋಲು ಸಿಕ್ಕಿಸಿ ಕೆಂಪು ಬಟ್ಟೆ ಕಟ್ಟಿದ. ಅವಳನ್ನು ಬೀದಿ ಕೊನೆಗೆ ಕರೆದೊಯ್ದು, "ಕೆಂಪು ಬಟ್ಟೆ ಎಲ್ಲಿದ್ಯೋ ಅದೇ ನಮ್ಮನೆ ಕಣೇ" ಎಂದ. ದಿನಕ್ಕೆ ಹತ್ತು ಸಲ, ಇಪ್ಪತ್ತು ದಿನ. ಕೊನೆಗೊಮ್ಮೆ ಅವಳು ಒಬ್ಬಳೇ ಬಂದು ಹೊಸ್ತಿಲ ಮೇಲೆ ಕೂತಾಗ ಗಳಗಳನೆ ಅತ್ತುಬಿಟ್ಟ. "ನಿಮ್ಮ ಇಲಿಗಿಂತ ನಾನೇ ವಾಸಿ ಅಲ್ವೇನ್ರೀ?" ಎಂದು ಅವಳು ನಕ್ಕಳು. ಎರಡು ತಿಂಗಳು ಅಂಗಡಿಗೆ ಹೋಗಿಬಂದಳು. ಬೀಗ ಗೋಡೆಗೂಡಿನಲ್ಲಿ ಧೂಳು ತಿಂದಿತು.

ಅವನು ಕೆಲಸದಲ್ಲಿದ್ದ ಒಂದು ದಿನ, ಒಡೆದು ಸೋರುತ್ತಿದ್ದ ನೀರಿನ ಪೈಪು ಸರಿಮಾಡಲು ಬಂದವರು ಬೀದಿಯ ತುದಿಯಲ್ಲಿ ಗುಂಡಿ ತೋಡಿದರು. ಪಾಪ, ಒಳ್ಳೆಯವರೇ. ಯಾರೂ ಬೀಳದಿರಲೆಂದು ಗುಂಡಿಯ ನಡುವೆ ಕೋಲು ನಿಲ್ಲಿಸಿ, ಕೆಂಪು ಬಟ್ಟೆ ಕಟ್ಟಿ, ಊಟಕ್ಕೆ ಹೋದರು.

ಮಗಳ ಫೋನು ಬಂದು ಅವನು ಓಡಿ ಬರುವಾಗ ಹೆಂಡತಿ ಎದೆಮಟ್ಟದ ಕೆಸರುನೀರಿನಲ್ಲಿ ಕೋಲು ತಬ್ಬಿಕೊಂಡು ಒಂಟಿಕಾಲಲ್ಲಿ ನಿಂತಿದ್ದಳು. ಇನ್ನೊಂದು ಕಾಲು ಮುರಿದಿತ್ತು. ಎತ್ತಲು ಬಂದವರನ್ನೆಲ್ಲ ಪರಚಿ ದೂಡಿದ್ದಳು.

"ಬಾರೇ, ಮನೆಗೆ ಹೋಗೋಣ."

"ಮನೇಲೇ ಇದ್ದೀನಲ್ರೀ" ಎಂದಳು, ನಡುಗುತ್ತ. "ನೀವ್ಯಾಕೆ ಹೊರಗೆ ನಿಂತಿದ್ದೀರಿ? ಒಳಗೆ ಬನ್ನಿ."

ಮಾಡಿದ್ದುಣ್ಣೋ ಮಹಾರಾಯ ಎಂದು ಯಾರೂ ಅನ್ನಲಿಲ್ಲ. ತನಗೆ ತಾನೇ ಅಂದುಕೊಂಡ. ಕಾಲಿಗೆ ಕಟ್ಟು ಹಾಕಿಸಿ ಅವಳನ್ನು ಕರೆತಂದ ದಿನವೇ ಬಾಗಿಲ ಬಟ್ಟೆಯನ್ನು ಬಿಚ್ಚಿ ಎಸೆದ. ಮರುದಿನ ಕೆಲಸಕ್ಕೆ ಹೊರಟವನು ಬೀಗದ ಧೂಳು ಒರೆಸಿ ಹೊರಗಿನಿಂದ ಹಾಕಿದ. ಕೈಗೆ ಅದು ಹೊಸ ಕೆಲಸವೇನಲ್ಲ.

"ರೀ, ಇದ್ಯಾರ ಮನೆ?" ಒಳಗಿನಿಂದ ಅವಳು ಕೂಗುತ್ತಿದ್ದಳು. "ನನ್ನ ನಮ್ಮನೆಗೆ ಕರ್ಕೊಂಡ್ಹೋಗ್ರೀ!"

ಇಲಿಗಳಿಗೆ ಕಾಳು ಹಾಕುವ ಹೊತ್ತು ಮೀರುತ್ತಿತ್ತು. ಅವನು ಹೋದ.